ಅಮ್ಮ ಕುಡಿದ ಗುಟುಕು

ಐಖೆನ್‌ಬುರ್ಗ್, ೧೫೮೭
ನನ್ನ ಪಂಚಾಂಗದಲ್ಲಿ ನವೆಂಬರ್ ೧೨, ನಿನ್ನದರಲ್ಲಿ ೨

ಗದರಿಸುವುದರಲ್ಲಿ ಅಮ್ಮನನ್ನೂ ಮೀರಿಸಿದ ಅಕ್ಕ ವಾಲ್‌ಬುರ್ಗಾಗೆ, ಲೋಥಾರ್ ಮಾಡುವ ವಂದನೆ.

ಅಮ್ಮ ಇಂದು ಬೆಳಗಿನ ಜಾವ ತೀರಿಕೊಂಡಳು. ಇದನ್ನು ನಯವಾಗಿ ಹೇಳಬೇಕೆಂದು ಹಾಳೆಯ ಮೇಲೆ ಹಾಳೆ ಹರಿದೆ. ಬಿಷಪ್ಪನಾಗಿ ಎಷ್ಟೋ ಸಾವಿನ ಮನೆಗಳಲ್ಲಿ ಸಮಾಧಾನ ಹೇಳಿದವನಿಗೆ ಸ್ವಂತ ಅಕ್ಕನಿಗೆ ಏನು ಬರೆಯಬೇಕೆಂದು ತೋಚುತ್ತಿಲ್ಲ.

ನೀನೂ ಅಮ್ಮನೂ ಲೂಥರನ ಕಡೆ, ಅಪ್ಪನೂ ನಾನೂ ಪೋಪರ ಕಡೆ. ಆದರೂ ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದೆವು. ಸಂತ ಮಾರ್ಟಿನನ ಹಬ್ಬಕ್ಕೆ ನಿನ್ನ ಪಾದ್ರಿಯನ್ನು ಕರೆದುಕೊಂಡು ಬಾ ಎಂದು ಅಮ್ಮನ ಪರವಾಗಿ ಬರೆದವನು ನಾನೇ. ಪೋಪರು ಪಂಚಾಂಗ ತಿದ್ದಿದ ಮೇಲೆ ನಮ್ಮ ಹಬ್ಬ ನಿಮ್ಮದಕ್ಕಿಂತ ಹತ್ತು ದಿನ ಮೊದಲೇ ಬರುತ್ತದೆ. ಯಾರ ಪಂಚಾಂಗದ ಹಬ್ಬ ಎಂದು ನಾನು ಬರೆಯಲಿಲ್ಲ. ಸುಮ್ಮನೆ ಮರೆತೆನೋ, ಲೂಥರನ ಪಾದ್ರಿ ನನ್ನ ಅರಮನೆಯ ಮೆಟ್ಟಿಲು ಹತ್ತುವುದು ಬೇಡವೆಂದು ಮರೆತೆನೋ, ನನಗೇ ಗೊತ್ತಾಗುತ್ತಿಲ್ಲ.

ನಿನ್ನೆ ನಮ್ಮ ಹಬ್ಬ. ಅಮ್ಮ ಹೆಬ್ಬಾತಿನ ಹುರಿದ ಮಾಂಸ ಮುಟ್ಟದೆ ಕಿಟಕಿಯ ಪಕ್ಕ ದಿಂಬಿಗೊರಗಿ ಕುಳಿತಿದ್ದಳು. "ಹೇಳಿದ ಹೊತ್ತಿಗೆ ಬರೋಳು ಅವಳು. ಇವತ್ತೇನಾಯ್ತೋ?" ಎಂದು ಕೇಳುತ್ತಲೇ ಇದ್ದಳು. ನೀನು ನಿನ್ನ ಪಂಚಾಂಗದ ಹಬ್ಬಕ್ಕೆ ಕಾಯುತ್ತಿರುವೆಯೆಂದು ಆಗ ನನಗೆ ಹೊಳೆಯಿತು. ನಿನ್ನೂರು ಒಂದು ದಿನದ ದಾರಿ, ಅವಳಿಗೆ ಆಗಲೇ ಮೇಲುಸಿರು ಬಂದಿತ್ತು.

ಸಂಜೆ ನನ್ನ ಕೈ ಹಿಡಿದುಕೊಂಡಳು. "ಹಿರಿಯವನಿಗೆ ಜಮೀನು, ಕಿರಿಯವನಿಗೆ ದೇವರು ಅಂತ ನಿಮ್ಮಪ್ಪ ಎಳೆ ಹುಡುಗನ ತಲೆ ಬೋಳಿಸಿ ಚರ್ಚಿಗೆ ಕೊಟ್ರು. ಬೇಡ ಅಂದೆ, ನನ್ನ ಮಾತು ಯಾರು ಕೇಳ್ತಾರೆ? ಈಗ ದೊಡ್ಡ ಬಿಷಪ್ ಆಗಿದ್ದೀಯಲ್ಲ, ಒಂದು ಉಪಕಾರ ಮಾಡು. ರೊಟ್ಟಿನೂ ಕೊಡು, ಬಟ್ಟಲೂ ಕೊಡು. ನಮ್ಮಮ್ಮ ಕುಡಿದ ಹಾಗೆ ಕುಡಿದು ಹೋಗ್ತೀನಿ" ಎಂದಳು.

ಬಟ್ಟಲು! ಪ್ರಸಾದದ ರೊಟ್ಟಿಯ ಜೊತೆ, ಗುರುಗಳಿಗಷ್ಟೇ ಸಲ್ಲುವ ಮಂತ್ರಿಸಿದ ದ್ರಾಕ್ಷಾರಸದ ಬಟ್ಟಲನ್ನೂ ಜನರಿಗೆ ಕೊಟ್ಟರೆಂದು ಹಳ್ಳಿಯ ಪಾದ್ರಿಗಳನ್ನು ಹೆಂಡಿರು ಮಕ್ಕಳ ಸಮೇತ ಊರು ಬಿಡಿಸಿದವನು ನಾನು. ಹೆತ್ತವಳಿಗೊಂದು ನ್ಯಾಯ, ಊರಿಗೊಂದು ನ್ಯಾಯವೇ? ಇಲ್ಲವೆನ್ನಲು ಬಾಯಿ ಬರಲಿಲ್ಲ, ಕೊಡಲು ಧೈರ್ಯ ಬರಲಿಲ್ಲ. ರೊಟ್ಟಿ ಕೊಟ್ಟೆ. ಪ್ರಸಾದ ನುಂಗಿದವರಿಗೆ ಬಾಯಿ ತೊಳೆದುಕೊಳ್ಳಲು ನಮ್ಮಲ್ಲಿ ಬರಿಯ ದ್ರಾಕ್ಷಾರಸ ಕೊಡುತ್ತಾರಲ್ಲ, ಅದನ್ನೇ ಚಿನ್ನದ ಬಟ್ಟಲಿಗೆ ಹಾಕಿ ತುಟಿಗೆ ಹಿಡಿದೆ. ಮಂತ್ರಿಸಿದ್ದಲ್ಲ. ಅಮ್ಮ ಕಣ್ಣು ಮುಚ್ಚಿ ಕುಡಿದು, "ಸಮಾಧಾನ ಆಯ್ತು ಮಗಾ" ಎಂದಳು.

ನನ್ನ ತಲೆ ಈಗ ಗೊಂದಲದ ಗೂಡು. ಅವಳು ತನ್ನ ಮತ ಬಿಡದಿದ್ದರೂ ರೊಟ್ಟಿ ಕೊಟ್ಟು ರೋಮಿಗೆ ದ್ರೋಹ ಮಾಡಿದೆನೋ, ಹುಸಿ ಬಟ್ಟಲು ಕೊಟ್ಟು ಅಮ್ಮನಿಗೆ ಮೋಸ ಮಾಡಿದೆನೋ? ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ನನ್ನದು. ಬೆಳಿಗ್ಗೆ ಚರ್ಚಿನ ಹಿರಿಯ ಗುರು ಎಗ್ಲೋಫ್ ಬಂದು, "ಪ್ರಭುಗಳೇ, ಅಮ್ಮನೋರು ನಮ್ಮವರಾಗಿ ಹೋದ್ರೋ, ಆ ಕಡೆಯವರಾಗಿ ಹೋದ್ರೋ? ನಮ್ಮವರಾದ್ರೆ ಅಪ್ಪನೋರ ಪಕ್ಕ ಗುಂಡಿ ತೋಡಿಸ್ತೀನಿ. ಇಲ್ದಿದ್ರೆ ಊರಾಚೆ ಅಂತ ನಿಮ್ಮದೇ ಆಜ್ಞೆ ಇದೆಯಲ್ಲ" ಎಂದ. ನನ್ನ ಕೈಯಿಂದಲೇ ಪ್ರಸಾದ ತೆಗೆದುಕೊಂಡಳು ಎಂದುಬಿಟ್ಟೆ. ಅವನು ಗುಂಡಿ ತೋಡಿಸಲು ಹೋದ. ಅಮ್ಮನ ನಂಬಿಕೆ ಕದ್ದು ಅಪ್ಪನ ಪಕ್ಕ ಜಾಗ ಕೊಡಿಸಿದಂತಾಯಿತೇ, ಅಕ್ಕ? ಬೈದಾದರೂ ಹೇಳು.

ಬಿರುದುಗಳೆಲ್ಲ ಇಂದು ಬೇಡ,
ನಿನ್ನ ತಮ್ಮ
ಲೋಥಾರ್

ಮತ್ತೊಂದು ಮಾತು: ಕಾಗದಕ್ಕೆ ಅರಗು ಹಾಕುವಷ್ಟರಲ್ಲಿ ಅಮ್ಮನ ಊಳಿಗದ ಅಪೊಲೋನಿಯಾ ಅಳುತ್ತಾ ಬಂದಳು. ನಿನ್ನೆ ನಾನು ಎದ್ದುಹೋದ ಮೇಲೆ ಅಮ್ಮ ಅವಳಿಗೆ ಹೇಳಿದಳಂತೆ: "ಅದು ಬಾಯಿ ತೊಳೆಯೋದು ಕಣೇ, ನನಗೆ ಗೊತ್ತಾಗಲ್ವಾ? ಮಂತ್ರಿಸಿದ ಬಟ್ಟಲಾಗಿದ್ರೆ ಅದರ ಮುಂದೆ ಅವನು ಮಂಡಿ ಊರ್ತಿದ್ದ, ಊರಲೇ ಇಲ್ಲ. ಪಾಪ, ನಾನು ನಂಬಿದೆ ಅಂದ್ಕೊಳ್ಳಲಿ ಬಿಡು, ಇಲ್ದಿದ್ರೆ ಸಾಯೋವರೆಗೂ ಕೊರಗ್ತಾನೆ." ಅಕ್ಕ, ಅಮ್ಮ ಬಟ್ಟಲಿಲ್ಲದೆಯೇ ಹೋದಳು. ನಿನ್ನ ಪಾದ್ರಿಯನ್ನು ಕರೆದುಕೊಂಡು ಇಂದೇ ಹೊರಡು. ಅಪ್ಪನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡೋಣ, ಪ್ರಾರ್ಥನೆ ಅವನೇ ಹೇಳಲಿ. ಎಗ್ಲೋಫ್ ತಡೆಯಲು ಬಂದರೆ ಚರ್ಚಿನ ಬಾಗಿಲಲ್ಲಿ ನಾನಿರುತ್ತೇನೆ.