ಡಿಸ್ಕ್ ನುಂಗುತ್ತಿರುವವರು ಯಾರು?

ಅಜ್ಜಂಪುರ, ಅಕ್ಟೋಬರ್ ೧೪, ಮಂಗಳವಾರ ರಾತ್ರಿ

ಸರ್ವರ್‌ನ ಡಿಸ್ಕನ್ನು ಯಾರೋ ನುಂಗುತ್ತಿದ್ದಾರೆ. ಕಳ್ಳ ನಮ್ಮ ಲ್ಯಾಬಿನಲ್ಲೇ ಇದ್ದಾನೆಂದು ಅತ್ಯಂತ ಗಂಭೀರವಾಗಿ ಘೋಷಿಸುತ್ತೇನೆ. ಅಜ್ಜಂಪುರ, ತರೀಕೆರೆ, ಕಡೂರು, ಮೂರೂ ಕಡೆಯ ರಕ್ತಪರೀಕ್ಷೆಯ ರಿಪೋರ್ಟು ಇದೇ ಸರ್ವರ್ ಪೆಟ್ಟಿಗೆಯೊಳಗೆ ಬೇರೆಬೇರೆ ಕಂಪ್ಯೂಟರುಗಳಂತೆ ನಡೆಯುವ ಮೂರು ವರ್ಚುವಲ್ ಮೆಷಿನ್‌ಗಳಿಂದ, ಊರಿಗೊಂದರಂತೆ, ಹೋಗಬೇಕು. ಜಾಗ ಮುಗಿದರೆ ಮೂರೂ ನಿಲ್ಲುತ್ತವೆ.

"ನಿಂತ್ರೆ ನಿನ್ನನ್ನ ಸರ್ವರ್ ರೂಮಿಗೇ ಸೇರಿಸಲ್ಲ. ಇದು ನಿಂದೇ ಕಿತಾಪತಿ" ಎಂದರು ಲ್ಯಾಬಿನ ಮುಖ್ಯಸ್ಥ ರಘುನಾಥ್ ಸರ್. ಅವರ ಕಂಪ್ಯೂಟರಿನಲ್ಲಿ ಕೋಳಿ ಕೂಗಿಸಿದ್ದು ನಾನೇ, ನಿಜ. ಇದು ಮಾತ್ರ ನನ್ನದಲ್ಲ.

ಮೊದಲ ಅನುಮಾನ ಟೆಕ್ನಿಷಿಯನ್ ಕೆಂಪರಾಜಣ್ಣನ ಮೇಲೆ. ಸಿನಿಮಾ ತುಂಬಿಸಿರಬೇಕು ಎಂದು ಹುಡುಕಿದರೆ ಒಂದು ಹಾಡೂ ಸಿಗಲಿಲ್ಲ. ಇಷ್ಟೊಂದು ಶುದ್ಧ ಮನುಷ್ಯ ಇರುತ್ತಾನೆಯೇ? ಅದೂ ಅನುಮಾನವೇ.

ಸಂಜೆ ಕಳ್ಳನ ಜಾಡು ಸಿಕ್ಕಿತು. ಕಡೂರು ಮೆಷಿನ್ನಿನ ಕೆಳಗೆ ಸಾಲುಸಾಲು ಸ್ನ್ಯಾಪ್‌ಶಾಟ್‌ಗಳು. ಮೆಷಿನ್ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ಪ್ರತಿಗಳು; ಒಂದನ್ನೂ ಅಳಿಸಿಲ್ಲ, ಡಿಸ್ಕ್ ನುಂಗುತ್ತಿದ್ದುದು ಇವೇ. ತೆಗೆದವರು ಪಕ್ಕದ ಮೇಜಿನಲ್ಲಿ ಕಡೂರಿನ ರಿಪೋರ್ಟು ನೋಡಿಕೊಳ್ಳುವ ಕೋಮಲಕ್ಕ.

"ಯಾಕಕ್ಕಾ ಇಷ್ಟೊಂದು?"

"ನೀನು ಸರ್ವರ್ ರೂಮಿಗೆ ಹೋಗೋ ಮುಂಚೆ ಒಂದೊಂದು ತೆಗೆದಿಡ್ತೀನಿ ಕಣೋ. ಒಳಗೆ ಏನ್ ಮಾಡಿಟ್ಟು ಬತ್ತೀಯೋ ಏನ್ ಕತೆಯೋ! ಹಳೇದಿದ್ರೆ ವಾಪಸ್ ತರಬೋದು."

ಕೈಮುಗಿದೆ. "ಅಕ್ಕಾ, ಹಳೇವನ್ನೆಲ್ಲ ಅಳಿಸ್ಬಿಡಿ. ಇನ್ಮೇಲೆ ಏನೂ ಮಾಡಲ್ಲ, ಅಂತರಘಟ್ಟಮ್ಮನಾಣೆ."

ಕೋಮಲಕ್ಕ ನನ್ನ ಮುಖವನ್ನೇ ದಿಟ್ಟಿಸಿದರು. "ಕೈ ಬೇರೆ ಮುಗೀತಿದ್ದೀಯಾ? ಇದ್ರಲ್ಲೇನೋ ಐತೆ!"

ಅಷ್ಟು ಹೇಳಿ, ನನ್ನ ಕಣ್ಣೆದುರೇ ಇನ್ನೊಂದು ತೆಗೆದರು. ಪರದೆಯ ಮೇಲೆ ಡಿಸ್ಕ್ ಎಷ್ಟು ತುಂಬಿದೆಯೆಂದು ತೋರಿಸುವ ಗೆರೆ ಕೆಂಪಗಾಯಿತು. ಬೆಳಿಗ್ಗೆ ರಘುನಾಥ್ ಸರ್ ಮೊದಲು ಕೂಗುವುದು ನನ್ನ ಹೆಸರನ್ನೇ, ಆಗ ನಾನು ನಿಜ ಹೇಳಿದರೂ ಯಾರು ನಂಬುತ್ತಾರೆ?