ಎಡಗಡೆಯ ಹಲಗೆ

ಸೆಪ್ಟೆಂಬರ್ ೧೪, ಶನಿವಾರ. ಟೆರ್‌ಸ್ಕೆಲಿಂಗ್ ದ್ವೀಪದ ದಕ್ಷಿಣದ ಮರಳದಿಣ್ಣೆ.

ಎಡಗಡೆಯ ಹಲಗೆ ಸೀಳಿತು. ನನಗೆ ನಿದ್ದೆ ಬಾರದಿರುವುದು ಅದಕ್ಕಲ್ಲ.

ಕಡಲ ನೀರಿನ ಇಳಿತ ಶುರುವಾಗಿತ್ತು. ಇನ್ನರ್ಧ ಗಂಟೆಗೆ ಹಡಗು ಮರಳ ಮೇಲೆ ಕೂರುತ್ತದೆ, ಅತಿಥಿಗಳು ಇಳಿದು ಸಮುದ್ರದ ತಳದಲ್ಲೇ ಓಡಾಡುತ್ತಾರೆ. ಅವರು ದುಡ್ಡು ಕೊಟ್ಟು ಬರುವುದೇ ಅದಕ್ಕೆ. ಹಡಗು ಕೂರುವ ಮೊದಲು ಗಾಳಿಗೆ ಅದು ಅಡ್ಡ ಜಾರದಂತೆ ಎರಡೂ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಹಲಗೆಗಳನ್ನು ಎತ್ತಲೇಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಇದು. ನಾನೋ, ಚುಕ್ಕಾಣಿ ಹಿಡಿದು ಅತಿಥಿಗಳಿಗೆ ನನ್ನ ಹಳೆಯ ಬಿರುಗಾಳಿಯ ಕಥೆ ಹೊಡೆಯುತ್ತಿದ್ದೆ.

"ಹಲಗೆ ಎತ್ಲಾ?" ಎಂದು ಯೆಲ್ಟ್ಯೆ ನನಗಷ್ಟೇ ಕೇಳುವಂತೆ ಎರಡು ಸಲ ಕೇಳಿದಳು. ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಹಾಯಿ ಎಳೆಯುತ್ತಿರುವವಳು.

"ಇರೇ ಮಾರಾಯ್ತಿ, ಇನ್ನೂ ಬೇಕಾದಷ್ಟು ನೀರಿದೆ" ಎಂದು ಗೊಣಗಿದೆ. ಕಥೆಯಲ್ಲಿ ಅಲೆ ಇನ್ನೂ ಏರುತ್ತಿತ್ತು.

ಎಡಗಡೆಯ ಹಲಗೆ ಮರಳಿಗೆ ನಾಟಿ, ಹಡಗಿನ ಭಾರವೆಲ್ಲ ಅದರ ಮೇಲೆ ಬಿತ್ತು. ಓಕ್ ಮರ ಸೀಳುವ ಸದ್ದಿಗೆ ಎಲ್ಲರೂ ಬೆಚ್ಚಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈ ಎತ್ತಿದಳು: "ನಂದೇ ತಪ್ಪು. ಮರ್ತೇಬಿಟ್ಟೆ."

ಅತಿಥಿಗಳೆದುರು ಕಪ್ತಾನನ ಮಾನ ಹೋಗಬಾರದು ಎಂಬುದು ನಮ್ಮ ಹಡಗಿನ ರೂಢಿ. ಆ ರೂಢಿ ಮಾಡಿದವನೂ ನಾನೇ.

ಜರ್ಮನಿಯಿಂದ ಬಂದ ಮುದುಕಿ ಟೀಚರಮ್ಮ, "ಪಾಪ, ಅವರ್ನ ಬೈಬೇಡಿ" ಎಂದರು.

ಸಂಜೆ ಬಟಾಣಿ ಸೂಪು ಬಡಿಸುತ್ತ ಯೆಲ್ಟ್ಯೆ ನನ್ನ ಕಿವಿಯ ಬಳಿ ಬಗ್ಗಿದಳು. "ಬಿರುಗಾಳೀಲಿ ಆಮೇಲೇನಾಯ್ತು? ಕಥೆ ಮುಗೀಲೇ ಇಲ್ವಲ್ಲ." ನಗಲಿಲ್ಲ.

ಟೀಚರಮ್ಮನಿಗೆ ನಾನು ಏನು ಉತ್ತರ ಕೊಟ್ಟೆನೆಂದು ಇನ್ನೂ ಬರೆದಿಲ್ಲ. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಯೆಲ್ಟ್ಯೆಯ ಭುಜ ತಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಹೋಗ್ಲಿ ಬಿಡು, ಈ ಸಲ ಕ್ಷಮಿಸಿದೀನಿ."