ನೀರಿನಲ್ಲಿ ಕರಗಿದ ಜೇನು

ಕಮಲಾಕ್ಷಣ್ಣಾ,

ಕಾಡುಜೇನಿಗೆ ನ್ಯಾಯದ ಬೆಲೆ ಕೊಡಿಸುತ್ತೇವೆ ಎಂದಿದ್ದೆವು, ಕೊಡಿಸಲಿಲ್ಲ. ನಮ್ಮ ಜೇನು ಸಂಘದಲ್ಲಿ ಎಲ್ಲರ ಮಾತಿಗೂ ಜಾಗವಿದೆ ಎಂದಿದ್ದೆವು, ನಿಮ್ಮ ಮಾತು ಕೇಳಲಿಲ್ಲ. ನಿಮ್ಮ ಜೇನನ್ನು ನೀರಿನ ಗ್ಲಾಸಿಗೆ ಬಿಟ್ಟು, ಅದು ಕರಗಿದ್ದೇ ತಡ, ಸಕ್ಕರೆ ಬೆರೆಸಿದ್ದೀರಿ ಎಂದು ತುಂಬಿದ ಸಭೆಯಲ್ಲಿ ಕೂಗಿದವನು ನಾನೇ.

ನೀವು ತೀರಿಕೊಂಡು ವರ್ಷವಾಯಿತು. ಉಳಿದಿದ್ದ ಒಂದು ಬಾಟಲಿಯನ್ನು ನಿಮ್ಮ ಮಗಳು ವಿಜೇತಾ ಲ್ಯಾಬಿಗೆ ಕಳಿಸಿದ್ದಳು. ಇಂದು ವರದಿ ತಂದಳು. ಕಬ್ಬಿನ ಇಂಗಾಲದ ಐಸೊಟೋಪ್ ಅನುಪಾತವೇ ಬೇರೆ, ಕಾಡುಹೂವಿನದೇ ಬೇರೆಯಂತೆ. ನಿಮ್ಮ ಜೇನಿನಲ್ಲಿ ಕಬ್ಬಿನ ಸಕ್ಕರೆ ಇಲ್ಲ. ಶುದ್ಧ ಜೇನೂ ನೀರಿನಲ್ಲಿ ಕರಗುತ್ತದಂತೆ.

ನಾನು ಬಾಯಿ ತೆರೆಯುವ ಮೊದಲೇ ಅವಳು, "ನನ್ನ ಹತ್ರ ಕ್ಷಮೆ ಕೇಳುದು ಬೇಡ ಮಾರಾಯ್ರೆ. ಅಪ್ಪನನ್ನು ಕಳ್ಳ ಅಂತ ಹೇಳಿದ್ದು ಮೈಕಿನಲ್ಲಿ ಅಲ್ವಾ?" ಎಂದಳು.

ಅಂದಿನ ಜನರನ್ನೆಲ್ಲ ಕರೆದಿದ್ದೇನೆ. ಸಭೆ ಕಕ್ಕಿಂಜೆಯಲ್ಲಿ, ಬರುವ ಆದಿತ್ಯವಾರ ಬೆಳಗ್ಗೆ ಹತ್ತು ಗಂಟೆಗೆ.